ಗುಂಡಿ ಒತ್ತುವುದೋ, ತಾನೇ ಶಾಕ್ ಕೊಡುವುದೋ?

ವಿಜಯಪುರದ ನಮ್ಮ ಗರಡಿಗೆ ಎಇಡಿ (ಹಠಾತ್ ಹೃದಯ ಸ್ತಂಭನವಾದವರಿಗೆ ವಿದ್ಯುತ್ ಶಾಕ್ ಕೊಡುವ ಯಂತ್ರ) ಕೊಳ್ಳಲು ಹೊರಟಾಗ ಎರಡು ನಮೂನೆ ಎದುರಾದವು. ಎದೆಗೆ ಅಂಟಿಸಿದ ಪ್ಯಾಡ್‌ಗಳಿಂದ ಹೃದಯದ ಲಯ ಓದಿ, ಶಾಕ್ ಬೇಕೋ ಬೇಡವೋ ಎಂದು ಎರಡೂ ತಾವೇ ನಿರ್ಧರಿಸುತ್ತವೆ. ಅರೆ-ಸ್ವಯಂಚಾಲಿತದಲ್ಲಿ ಗುಂಡಿ ನಾವು ಒತ್ತಬೇಕು. ಪೂರ್ಣ ಸ್ವಯಂಚಾಲಿತ ಎಚ್ಚರಿಸಿ ತಾನೇ ಶಾಕ್ ಕೊಡುತ್ತದೆ. ಕೈ ನಡುಗುವವರಿಗೆ ಅದೇ ಸಲೀಸು. ಆದರೆ ನಮ್ಮ ಕಡೆ ಯಾರಾದರೂ ಕುಸಿದರೆ ಹತ್ತು ಮಂದಿ ಮುಗಿಬೀಳುತ್ತಾರೆ, ಒಬ್ಬ ಉಳ್ಳಾಗಡ್ಡಿ ಮೂಸಿಸಲು ಬರುತ್ತಾನೆ! ಎಲ್ಲರೂ ದೂರ ಸರಿದದ್ದು ನೋಡಿ ಒತ್ತಬಹುದಾದ ಮೊದಲನೆಯದೇ ನನಗೆ ವಾಸಿ ಅನಿಸಿತು.

ಸಿಪಿಆರ್ (ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಉಪಚಾರ) ಇಲ್ಲದೆ ಶಾಕ್ ತಡವಾದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ. 7ರಿಂದ 10 ಇಳಿಯುತ್ತದೆ. ಹಾಗಾಗಿ ಯಾವುದೇ ಕೊಳ್ಳಿ, 108ಕ್ಕೆ ಕರೆ ಮಾಡಿ ನಿಮಿಷಕ್ಕೆ 100–120 ಸಲ ಎದೆ ಒತ್ತಲು ಕಲಿಯಿರಿ. ಪ್ಯಾಡ್, ಬ್ಯಾಟರಿಯ ಅವಧಿಯನ್ನೂ ಕೇಳಿ. ಬೀಗ ಹಾಕಿದ ಕಪಾಟಿನಲ್ಲಿ ಮಾತ್ರ ಇಡಬೇಡಿ.