ಓದು ಹೆಚ್ಚಾದವರಿಗೆ ಕೆಲಸ ಹುಡುಕಿಕೊಡುವ ಮಡಿಕೇರಿಯ ಒಂದು ಉದ್ಯೋಗ ಸಲಹಾ ಕಚೇರಿ

ಎಂ.ಕಾಂ. ಪದವಿಯೂ ಬೆಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದ ಅನುಭವವೂ ಇರುವವನಿಗೆ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್ ಕೆಲಸ, ಅಂದರೆ ಹಾಜರಿ-ಲೆಕ್ಕ ಬರೆಯುವ ಕೆಲಸ, ಸಿಗುವುದು ಪಿಯುಸಿ ಮುಗಿಸಿದವನಿಗೆ ಸಿಗುವಷ್ಟು ಸುಲಭವಲ್ಲ. ವಯಸ್ಸಾದ ತಂದೆ-ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದ ನಾನು ತೋಟಗಳಲ್ಲಿ, ರೆಸಾರ್ಟ್‌ಗಳಲ್ಲಿ, ಸಹಕಾರ ಸಂಘಗಳಲ್ಲಿ ಅರ್ಜಿ ಕೊಟ್ಟು, ಎಲ್ಲೆಡೆ ‘ತಿಳಿಸುತ್ತೇವೆ’ ಎಂಬ ಉತ್ತರವನ್ನಷ್ಟೇ ಪಡೆದ ಬಳಿಕ ಮಡಿಕೇರಿಯ ಖಾಸಗಿ ಉದ್ಯೋಗ ಸಲಹಾ ಕಚೇರಿಯೊಂದರಲ್ಲಿ ಹೆಸರು ನೋಂದಾಯಿಸಿದೆ. ಅಲ್ಲಿ ದೊರೆತ ಸೇವೆಯ ವಿಮರ್ಶೆ ಇದು. ಮೆಚ್ಚುಗೆಯ ಜೊತೆಗೆ ಗಂಭೀರವಾದ ಆಕ್ಷೇಪವೂ ಇರುವುದರಿಂದ ಕಚೇರಿಯ ಹೆಸರನ್ನು ಬರೆಯುತ್ತಿಲ್ಲ.

ಈ ಕಚೇರಿಯ ದೊಡ್ಡ ಗುಣವೆಂದರೆ, ಮಾಲೀಕರು ಅರ್ಜಿದಾರನ ಮುಖಕ್ಕೆ ಹೇಳದ ಕಾರಣವನ್ನು ಕೇಳಿ ತಿಳಿದು, ಅದನ್ನು ಮುಚ್ಚುಮರೆಯಿಲ್ಲದೆ ನಮಗೆ ತಲುಪಿಸುವುದು. ನನ್ನ ಕಡತವನ್ನು ನೋಡಿಕೊಳ್ಳುತ್ತಿದ್ದ ಮೇಡಂ ಮೊದಲ ಭೇಟಿಯಲ್ಲಿಯೇ, “ಸರ್, ನಿಮ್ಮ ಓದಿನ ಬಗ್ಗೆ ಯಾರಿಗೂ ತಕರಾರಿಲ್ಲ, ನೀವು ಯಾವಾಗ ಬಿಟ್ಟು ಹೋಗುತ್ತೀರಿ ಎಂಬುದೇ ಅವರ ಚಿಂತೆ” ಎಂದರು. ತೋಟದ ಲೆಕ್ಕಾಚಾರ ಬಲ್ಲವರಿಗೆ ಈ ಚಿಂತೆ ಅತಿಯೆನಿಸದು. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಆರಂಭವಾಗಿ, ರೊಬಸ್ಟಾ ಮುಗಿಯುವ ವೇಳೆಗೆ ಮಾರ್ಚ್ ಬಂದಿರುತ್ತದೆ. ಆ ಅವಧಿಯಲ್ಲಿ ಆಳುಗಳ ಹಾಜರಿ, ಸಂಜೆ ಹಣ್ಣಿನ ತೂಕ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾರಿಂದ ಎಷ್ಟು ಹಿಡಿಯಬೇಕು ಎಂಬುದೆಲ್ಲ ರೈಟರ್‌ನ ಪುಸ್ತಕದಲ್ಲಿರುತ್ತದೆ, ಅರ್ಧದಷ್ಟು ಅವನ ತಲೆಯಲ್ಲಿಯೂ ಇರುತ್ತದೆ. ಜನವರಿಯಲ್ಲಿ ಅವನು ಮೈಸೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಹೊರಟರೆ, ಹೊಸಬನಿಗೆ ಪುಸ್ತಕ ಅರ್ಥವಾಗುವಷ್ಟರಲ್ಲಿ ಕೊಯ್ಲೇ ಮುಗಿದಿರುತ್ತದೆ. ಹೀಗೆ ಒಮ್ಮೆ ಕೈಸುಟ್ಟುಕೊಂಡ ಮಾಲೀಕರು ಮುಂದೆ ಪದವೀಧರನ ಅರ್ಜಿಯನ್ನು ತೆರೆದು ನೋಡುವುದೂ ಇಲ್ಲ.

ಈ ಭಯ ನಮ್ಮ ಊರಿನದು ಮಾತ್ರವಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರದಲ್ಲಿ ಪೊಲೀಸ್ ಹುದ್ದೆಯ ಅಭ್ಯರ್ಥಿಯೊಬ್ಬರು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ 33 ಅಂಕ ಗಳಿಸಿದರೆಂಬ ಕಾರಣಕ್ಕೆ ಅವರನ್ನು ಸಂದರ್ಶನಕ್ಕೆ ಕರೆಯಲಿಲ್ಲ. 20ರಿಂದ 27 ಅಂಕ ಪಡೆದವರನ್ನಷ್ಟೇ ಕರೆಯುವುದು ಅಲ್ಲಿನ ಪದ್ಧತಿಯಾಗಿತ್ತು. ಹೆಚ್ಚು ಬುದ್ಧಿವಂತರು ಬೇಸತ್ತು ಬೇಗ ಬಿಡುತ್ತಾರೆ, ತರಬೇತಿಯ ಖರ್ಚು ನಷ್ಟವಾಗುತ್ತದೆ ಎಂಬ ವಾದವನ್ನು 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು. ವಾದ ಸರಿಯೋ ತಪ್ಪೋ, ಅದನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳುವ ಧೈರ್ಯವಾದರೂ ಆ ನಗರಕ್ಕಿತ್ತು.

ಸಂಬಳದ ನಿರೀಕ್ಷೆ ಇನ್ನೊಂದು ಕಾರಣ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮೊದಲೇ ಮೊತ್ತ ಹೇಳಿಬಿಟ್ಟರೆ ಪರಿಹಾರವಾಗುವ ವಿಷಯ. ಹಾಗೆ ಸುಲಭವಾಗಿ ಪರಿಹಾರವಾಗದಿರುವುದು ಮೇಲಿನವರ ಅಳುಕು. ಸುಂಟಿಕೊಪ್ಪ ಕಡೆಯ ತೋಟವೊಂದರಲ್ಲಿ ಮ್ಯಾನೇಜರ್ ಹತ್ತನೆಯ ತರಗತಿ ಓದಿದವರು, ಮೂವತ್ತಕ್ಕೂ ಹೆಚ್ಚು ಮಳೆಗಾಲ ಕಂಡವರು, ಯಾವ ಬ್ಲಾಕಿನಲ್ಲಿ ಸಿಂಪಡಣೆಗೆ ಎಷ್ಟು ಮೈಲುತುತ್ತು ಬೇಕೆಂಬುದನ್ನು ಚೀಟಿ ನೋಡದೆ ಹೇಳಬಲ್ಲವರು. ತಮ್ಮ ಕೈಕೆಳಗೆ ಎಂ.ಕಾಂ. ಮಾಡಿದವನು ಕುಳಿತರೆ ನಾಳೆ ಮಾಲೀಕರು ತಮ್ಮನ್ನು ಬಿಟ್ಟು ಅವನನ್ನೇ ಕರೆದು ಕೇಳಬಹುದೆಂಬ ಆತಂಕ ಅವರದು. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲವೆಂದೂ, ‘ಇಷ್ಟು ಓದಿದವರಿಗೆ ಇಲ್ಲಿ ಹೊಂದಿಕೆಯಾಗದು’ ಎಂದಷ್ಟೇ ಹೇಳಿದರೆಂದೂ ಮೇಡಂ ತಿಳಿಸಿದರು. ಸಂದರ್ಶನಕ್ಕೆ ಹೋದಾಗ ಮಾಲೀಕರ ಬಳಿಗಿಂತ ಮೊದಲು ಮ್ಯಾನೇಜರ್ ಬಳಿ ಕುಳಿತು ಮಾತಾಡಬೇಕೆಂದು ಅವರು ಕೊಟ್ಟ ಸಲಹೆ ನನಗೆ ಅಲ್ಲಿ ದೊರೆತ ಅತ್ಯಂತ ಉಪಯುಕ್ತ ಮಾತು.

ಬಯೋಡೇಟಾವನ್ನು ಅವರು ತಿದ್ದಿದ ರೀತಿಯೂ ಚೆನ್ನಾಗಿತ್ತು. ಮೊದಲ ಸಾಲಿನಲ್ಲಿದ್ದ ಪದವಿಯನ್ನು ಕೊನೆಗೆ ಇಳಿಸಿ, ಟ್ಯಾಲಿ, ಪಿ.ಎಫ್., ಜಿ.ಎಸ್.ಟಿ. ರಿಟರ್ನ್ಸ್, ಸಂಬಳದ ಪಟ್ಟಿ ಎಂಬ ಕೆಲಸಗಳನ್ನು ಮೇಲಕ್ಕೆ ತಂದರು; ಊರಿಗೆ ಮರಳಿದ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಸಿದರು; ಕೊಯ್ಲು ಮುಗಿಯುವವರೆಗೆ ಕೆಲಸ ಬಿಡುವುದಿಲ್ಲವೆಂಬ ಒಪ್ಪಿಗೆಯನ್ನು ಕೆಳಗೆ ಸೇರಿಸಿದರು. ಈ ಹಾಳೆ ಹೋದ ಮೇಲೆ ಕರೆಗಳು ಬಂದವು, ಸಿದ್ದಾಪುರದ ಬಳಿಯ ತೋಟವೊಂದರಲ್ಲಿ ಈಗ ಲೆಕ್ಕ ಬರೆಯುತ್ತಿದ್ದೇನೆ. ಮಳೆಯ ಲೆಕ್ಕವನ್ನು ಇಂಚಿನಲ್ಲಿ ಬರೆದಿಡುವುದೂ ನನ್ನ ಪಾಲಿಗೇ ಬಂದಿದೆ, ಎಂ.ಕಾಂ.ನಲ್ಲಿ ಅದನ್ನು ಕಲಿಸಿರಲಿಲ್ಲ.

ಆಕ್ಷೇಪವಿರುವುದು ಅದೇ ಕಚೇರಿಯ ಇನ್ನೊಬ್ಬ ಸಿಬ್ಬಂದಿ ಕೊಟ್ಟ ಸಲಹೆಯ ಬಗ್ಗೆ. ಎಂ.ಕಾಂ. ಇರಲಿ, ಬಿ.ಕಾಂ. ಅನ್ನೂ ಹೇಳದೆ ಪಿಯುಸಿ ಎಂದಷ್ಟೇ ಬರೆಯಿರಿ, ಯಾರೂ ಕೇಳುವುದಿಲ್ಲ ಎಂದು ಅವರು ಸಲೀಸಾಗಿ ಹೇಳಿದರು. ಪದವಿಯನ್ನು ಕೆಳಗೆ ಬರೆಯುವುದಕ್ಕೂ ಮುಚ್ಚಿಡುವುದಕ್ಕೂ ಇರುವ ಅಂತರ ಸಣ್ಣದಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ಯೂನ್ ಹುದ್ದೆಗೆ ಹನ್ನೆರಡನೆಯ ತರಗತಿ ಮುಗಿಸಿದವರನ್ನು ಕರೆದು, ಪದವೀಧರರು ಅರ್ಹರಲ್ಲವೆಂದು ಜಾಹೀರಾತಿನಲ್ಲಿಯೇ ಹೇಳಿತ್ತು. ಪದವಿಯನ್ನು ತಿಳಿಸದೆ ಆಯ್ಕೆಯಾದ ಒಡಿಶಾದ ಅಭ್ಯರ್ಥಿಯ ಪರವಾಗಿ ಅಲ್ಲಿನ ಹೈಕೋರ್ಟ್ ತೀರ್ಪು ನೀಡಿದ್ದರೂ, 2020ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಮಾಹಿತಿ ಮುಚ್ಚಿಟ್ಟವನಿಗೆ ಆ ಹುದ್ದೆಯ ಹಕ್ಕಿಲ್ಲವೆಂದು ಬ್ಯಾಂಕಿನ ಕ್ರಮವನ್ನು ಎತ್ತಿಹಿಡಿಯಿತು. ತೋಟದ ಕೆಲಸಕ್ಕೆ ಅಂಥ ನಿಯಮವಿಲ್ಲದಿರಬಹುದು. ಆದರೆ ಎಲ್ಲರೂ ಎಲ್ಲರ ಮನೆತನವನ್ನು ಬಲ್ಲ ಈ ಜಿಲ್ಲೆಯಲ್ಲಿ ಪದವಿ ಎಷ್ಟು ದಿನ ಗುಟ್ಟಾಗಿ ಉಳಿದೀತು? ಶುಲ್ಕ ಪಡೆದು ಸಲಹೆ ನೀಡುವವರು ಇಂಥ ಮಾತನ್ನು ಆಡಬಾರದು.

ಶುಲ್ಕ ನೋಂದಣಿಗೆ ಒಮ್ಮೆ, ಕೆಲಸ ಸಿಕ್ಕಿದ ಮೇಲೆ ಮೊದಲ ತಿಂಗಳ ಸಂಬಳದಲ್ಲಿ ಒಂದು ಪಾಲು. ಸರ್ಕಾರದ ಉದ್ಯೋಗ ವಿನಿಮಯ ಕೇಂದ್ರದಲ್ಲಿ ನೋಂದಣಿ ಉಚಿತವಾಗಿರುವಾಗ ಇದು ದುಬಾರಿಯೆನಿಸಿದರೂ, ತಿರಸ್ಕಾರದ ನಿಜವಾದ ಕಾರಣ ತಿಳಿಯುವುದರಿಂದ ನಾನು ಕೊಟ್ಟ ಹಣ ವ್ಯರ್ಥವಾಯಿತೆಂದು ಹೇಳಲಾರೆ. ಹೋಗುವವರು ಶುಕ್ರವಾರ, ಸಂತೆಯ ದಿನ, ಹೋಗದಿರುವುದು ಒಳ್ಳೆಯದು. ಜನಸಂದಣಿಯಲ್ಲಿ ಮಾತಿಗೆ ಸಮಯ ಸಿಗದು. ನನ್ನ ಕಡತ ನೋಡಿಕೊಂಡ ಹಿರಿಯ ಮೇಡಂ ಅವರನ್ನೇ ಭೇಟಿಯಾಗಬೇಕೆಂದು ಕೇಳಿ, ರಸೀದಿ ಅವರಾಗಿ ಕೊಡದಿರುವುದರಿಂದ ಅದನ್ನೂ ಕೇಳಿ ಪಡೆಯಿರಿ.