ಹೆಸರು ಕೇಳಬ್ಯಾಡ, ಕೆಲಸ ಕೇಳು: ಶಿವಾಜಿನಗರದ ಒಂದು ಆರ್‌ಟಿಐ ಟೈಪಿಂಗ್ ಅಂಗಡಿ

ಪುಣೆಯಲ್ಲಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆಸಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನಲ್ಲಿ ಒಂದು ಅರ್ಜಿಗೆ ನೂರಾರು ರೂಪಾಯಿ ಕೇಳುವವರ ಹತ್ತಿರ ಸುಮ್ನೆ ದುಡ್ಡು ಕಳೆಯಬೇಡಿ, ಶಿವಾಜಿನಗರ ಕೋರ್ಟಿನ ಹತ್ತಿರ ಇರುವ ಈ ಟೈಪಿಂಗ್ ಅಂಗಡಿಗೆ ಹೋಗಿ. ಐದರಲ್ಲಿ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅಂತ ಕೆಳಗೆ ಬರೆದಿದ್ದೇನೆ.

ಅಂಗಡಿಗೆ ಹೆಸರಿಲ್ಲ. ಬೋರ್ಡಿನ ಮೇಲೆ ಮರಾಠಿಯಲ್ಲಿ ಟೈಪಿಂಗ್, ಝೆರಾಕ್ಸ್, ನೋಟರಿ ಅಂತ ಇದೆ, ಅಷ್ಟೇ. ಡಿಸ್ಟ್ರಿಕ್ಟ್ ಕೋರ್ಟ್ (ಹಳೇ ಹೆಸರು ಸಿವಿಲ್ ಕೋರ್ಟ್) ಮೆಟ್ರೋ ಸ್ಟೇಶನ್‌ನಲ್ಲಿ ಇಳಿದು ಕೋರ್ಟಿನ ಕಡೆ ನಡೆದರೆ ಇಂಥ ಬೋರ್ಡು ಬೇಕಾದಷ್ಟು ಕಾಣುತ್ತವೆ. ಆದರೆ ಒಳಗಿಂದ ಕನ್ನಡ ಕೇಳಿಸುವುದು ಇದೊಂದರಲ್ಲೇ. ಅಂಗಡಿ ನಡೆಸುವ ಕಾಕಾ ಸೊಲ್ಲಾಪುರದ ಕಡೆಯವರು. ಗಿರಾಕಿ ಮರಾಠಿಯಲ್ಲಿ ಶುರು ಮಾಡಿದರೂ ಊರು ಯಾವುದು ಅಂತ ಕೇಳಿ, ಗಡಿ ಕಡೆಯ ಹೆಸರು ಬಂದರೆ ತಕ್ಷಣ ಕನ್ನಡಕ್ಕೆ ಹೊರಳುತ್ತಾರೆ. ಎರಡು ಪ್ಲಾಸ್ಟಿಕ್ ಕುರ್ಚಿ, ಕೀಗಳ ಮೇಲಿನ ಅಕ್ಷರ ಅರ್ಧಕ್ಕರ್ಧ ಸವೆದು ಹೋದ ಒಂದು ಕೀಬೋರ್ಡು, ಗೋಡೆಯ ಮೊಳೆಗೆ ಸಿಕ್ಕಿಸಿದ ‘ಜೋಡಪತ್ರ ಅ’ ಫಾರ್ಮುಗಳ ಕಟ್ಟು. ಮಹಾರಾಷ್ಟ್ರದಲ್ಲಿ ಆರ್‌ಟಿಐ ಅರ್ಜಿ ಈ ನಮೂನೆಯಲ್ಲೇ ಹೋಗುತ್ತದೆ, ಮೇಲೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಬೇಕು.

ನನ್ನ ವಿಷಯ ಇಷ್ಟು. ಗಡಿಯ ಮಹಾರಾಷ್ಟ್ರ ಬದಿಯಲ್ಲಿರುವ ನಮ್ಮೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಅಣ್ಣನ ಮಕ್ಕಳು ಓದುತ್ತಾರೆ. ಕನ್ನಡ ಬಾರದವರನ್ನು ಕನ್ನಡ ಹುದ್ದೆಗೆ ಹಾಕಿದ್ದಾರೆ, ಒಬ್ಬರಂತೂ ಬರೋದೇ ಇಲ್ಲ ಅಂತ ಊರಲ್ಲಿ ಮಾತು. ನಿಜವೋ ಸುಳ್ಳೋ ಕಾಗದ ನೋಡಿದರೆ ಗೊತ್ತಾಗುತ್ತದಲ್ವಾ? ಅದಕ್ಕೆ ಎಲ್ಲರೂ ಬರೆಯುವ ಹಾಗೇ ಒಂದು ಅರ್ಜಿ ಹೋಯಿತು: ಶಿಕ್ಷಕರ ಹೆಸರು, ವಿದ್ಯಾರ್ಹತೆ, ಯಾವ ಮಾಧ್ಯಮದಲ್ಲಿ ಕಲಿತಿದ್ದಾರೆ, ಹಾಜರಿ ಪುಸ್ತಕದ ಪ್ರತಿ. ಕಚೇರಿ ಯಾವುದು ಅಂತ ಇಲ್ಲಿ ಬೇಡ. ಉತ್ತರ ಒಂದೇ ಸಾಲು. ಇದು ವೈಯಕ್ತಿಕ ಮಾಹಿತಿ, ಕಲಂ 8(1)(ಜೆ) ಪ್ರಕಾರ ಕೊಡಲಾಗದು. ಕೆಳಗೆ ಸಹಿ.

ಆ ಪತ್ರ ನೋಡಿ ಕಾಕಾ ನಕ್ಕರು. ಅವರ ಮೇಜಿನ ಡ್ರಾಯರಿನಲ್ಲಿ ಇಂಥವೇ ಒಂದು ಕಂತೆ ಇವೆ, ಬೇರೆ ಬೇರೆ ಜನರವು, ಸಾಲು ಮಾತ್ರ ಅದೇ.

ಇದು ಯಾಕೆ ಹೀಗಾಯ್ತು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಅಂಗಡಿಯ ಬೆಲೆ ತಿಳಿಯುವುದೇ ಅಲ್ಲಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಏನೇನು ಕೊಡದೇ ಇರಬಹುದು ಅನ್ನುವ ಪಟ್ಟಿ ಕಲಂ 8ರಲ್ಲಿದೆ. ಅದರ (ಜೆ) ವೈಯಕ್ತಿಕ ಮಾಹಿತಿಯದು. ಹಳೇದು ಉದ್ದವಾಗಿತ್ತು. ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲದಿದ್ದರೆ, ಅಥವಾ ಕೊಟ್ಟರೆ ಒಬ್ಬರ ಖಾಸಗಿ ಬದುಕಿನಲ್ಲಿ ವಿನಾಕಾರಣ ತಲೆ ಹಾಕಿದಂತಾದರೆ ಮಾತ್ರ ಇಲ್ಲ ಅನ್ನಬಹುದಿತ್ತು. ಆಗಲೂ ಜನರ ಹಿತ ದೊಡ್ಡದು ಅನ್ನಿಸಿದರೆ ಮಾಹಿತಿ ಅಧಿಕಾರಿಯೇ ಕೊಡಬಹುದಿತ್ತು. ಜೊತೆಗೆ ಇನ್ನೊಂದು ಸಾಲು: ಸಂಸತ್ತಿಗೆ, ವಿಧಾನಸಭೆಗೆ ಇಲ್ಲ ಅನ್ನಲಾಗದ್ದನ್ನು ಸಾಮಾನ್ಯ ಮನುಷ್ಯನಿಗೂ ಇಲ್ಲ ಅನ್ನುವಂತಿಲ್ಲ. ಈಗ ಇದೆಲ್ಲ ಹೋಯಿತು. ಉಳಿದಿರುವುದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಅನ್ನುವಷ್ಟೇ. ಇದನ್ನು ಮಾಡಿದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2023ರದ್ದು, ಅದರ ಕಲಂ 44(3). 2022ರ ನವೆಂಬರಿನಲ್ಲಿ ಕರಡು ಬಂದಾಗಲೇ ಜನ ಬೇಡ ಅಂದಿದ್ದರು. 2023ರ ಆಗಸ್ಟ್‌ನಲ್ಲಿ ಕಾಯ್ದೆ ಆಯಿತು, 2025ರ ನವೆಂಬರಿನಲ್ಲಿ ಈ ಕಲಂ ಜಾರಿಗೂ ಬಂತು.

ಹಳೇ ಕಾಲ ಚಿನ್ನದಂಥದ್ದು ಅಂತಲೂ ನಾನು ಹೇಳಲ್ಲ. 2012ರಲ್ಲೇ ಸುಪ್ರೀಂ ಕೋರ್ಟು ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ನೌಕರನ ಮೆಮೊ, ಆಸ್ತಿ ವಿವರ ಇವೆಲ್ಲ ವೈಯಕ್ತಿಕ ಅಂದಿತ್ತು, ಅದನ್ನೇ ತೋರಿಸಿ ಎಷ್ಟೋ ಕಚೇರಿಗಳು ಬಾಗಿಲು ಹಾಕಿಕೊಂಡಿದ್ದವು. ಆದರೆ ಆಗ ವಾದ ಮಾಡಲು ಜಾಗ ಇತ್ತು.

ಈಗ ಅಂಗಡಿಯ ಅಸಲು ಕೆಲಸಕ್ಕೆ ಬರೋಣ. ಕಾಕಾ ನಮ್ಮ ಹಳೇ ಅರ್ಜಿ ಪಕ್ಕಕ್ಕಿಟ್ಟು, “ತಂಗಿ, ಹೆಸರು ಕೇಳಬ್ಯಾಡ, ಕೆಲಸ ಕೇಳು. ನಿನಗ ಬೇಕಾದ್ದು ಮಾಸ್ತರ ಸರ್ಟಿಫಿಕೇಟ್ ಅಲ್ಲ, ಕನ್ನಡ ಬರೋ ಮಾಸ್ತರು ಅದಾರೋ ಇಲ್ಲೋ, ಅಷ್ಟ ಅಲ್ಲ?” ಅಂದರು. ಸರಿ, ಹಾಗಾದರೆ ಎಷ್ಟು ಜನರಿಗೆ ಕನ್ನಡ ಬರುತ್ತದೆ ಅಂತ ಲೆಕ್ಕ ಕೇಳೋಣ ಅಂದೆ. ಅದೂ ಬೇಡವಂತೆ. ಕಚೇರಿಯಲ್ಲಿ ಇರುವ ಕಾಗದವನ್ನು ಕೊಡಬೇಕೇ ಹೊರತು ನಿಮಗಾಗಿ ಹೊಸ ಲೆಕ್ಕ ತಯಾರಿಸಿ ಕೊಡುವ ಹೊಣೆ ಅಧಿಕಾರಿಗಿಲ್ಲ ಅಂತ ಕೋರ್ಟು ಹೇಳಿದೆ, ಅದನ್ನು ಹಿಡಿದುಕೊಂಡು ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ಲೆಕ್ಕ ಮೊದಲೇ ಬರೆದಿಟ್ಟಿರುವ ಕಾಗದ ಯಾವುದು ಅಂತ ಹುಡುಕಬೇಕು, ಅದರ ಹೆಸರು ಹಿಡಿದು ಪ್ರತಿ ಕೇಳಬೇಕು.

ಇಲ್ಲಿ ಕಾಕಾನ ಅನುಭವ ಕಂಡಿತು. ಮಹಾರಾಷ್ಟ್ರದ ಶಾಲೆಗಳಿಗೆ ಮಕ್ಕಳ ಸಂಖ್ಯೆ ನೋಡಿ ಎಷ್ಟು ಶಿಕ್ಷಕರ ಹುದ್ದೆ ಅಂತ ಮಂಜೂರು ಮಾಡುವ ಕಾಗದ ಇರುತ್ತದೆ, ಅದಕ್ಕೆ ‘ಸಂಚ ಮಾನ್ಯತಾ’ ಅಂತಾರೆ. ಅದರಲ್ಲಿರುವುದು ಹುದ್ದೆಗಳ ಲೆಕ್ಕ, ಯಾರ ಖಾಸಗಿ ವಿಷಯವೂ ಅಲ್ಲ. ಮೊದಲನೇ ಪ್ರಶ್ನೆ ಅದರ ಪ್ರತಿ. ಎರಡನೇದು, ಕನ್ನಡ ಮಾಧ್ಯಮದ ಹುದ್ದೆಗೆ ಯಾವ ಅರ್ಹತೆ ಬೇಕು ಅನ್ನುವ ಆದೇಶದ ಪ್ರತಿ. ಮೂರನೇದು, ಶಾಲೆ ತಪಾಸಣೆಯ ವರದಿಗಳು. ವರದಿಯಲ್ಲಿ ಹೆಸರಿದ್ದರೆ ಕಲಂ 10ರಂತೆ ಹೆಸರಿನ ಮೇಲೆ ಮಸಿ ಬಳಿದು ಉಳಿದದ್ದನ್ನು ಕೊಡಿ ಅಂತ ನಾವೇ ಬರೆದುಬಿಟ್ಟೆವು, ಅವರಿಗೆ ನೆವ ಸಿಗಬಾರದು ನೋಡಿ. ಕೊನೆಗೆ, ಕನ್ನಡ ಹುದ್ದೆಯಲ್ಲಿ ಇರುವವರು ಯಾವ ಮಾಧ್ಯಮದಲ್ಲಿ ತರಬೇತಿ ಪಡೆದವರು ಅನ್ನುವ ದಾಖಲೆ, ಹೆಸರಿನ ಬದಲು ಒಂದನೇ ಹುದ್ದೆ, ಎರಡನೇ ಹುದ್ದೆ ಅಂತ. ಎಲ್ಲ ಸೇರಿ 150 ಪದ ದಾಟಬಾರದು, ವಿಷಯವೂ ಒಂದೇ ಇರಬೇಕು, ಇದು ಇಲ್ಲಿನ ನಿಯಮ. ಕಾಕಾ ಪ್ರಿಂಟ್ ತೆಗೆದು ಪೆನ್ನಿನ ತುದಿಯಿಂದ ಒಂದೊಂದೇ ಪದ ಎಣಿಸುತ್ತಾರೆ, ಜಾಸ್ತಿಯಾದರೆ ‘ಕೃಪೆ ಮಾಡಿ’, ‘ವಿನಂತಿ’ ಇವನ್ನು ಮೊದಲು ಹಾರಿಸುತ್ತಾರೆ.

ಇದೇ ಕೆಲಸವನ್ನು ಒಂದು ಆನ್‌ಲೈನ್ ಸೇವೆಯಲ್ಲಿ ಪರಿಚಯದವರೊಬ್ಬರು ಮಾಡಿಸಿದ್ದರು. ಅವರ ಪ್ರತಿಯನ್ನು ನೋಡಿದೆ. ಚೆಂದದ ಲೆಟರ್‌ಹೆಡ್, ಚೆಂದದ ಇಂಗ್ಲಿಷು, ಕೆಳಗೆ ಸಂಸತ್ತಿಗೆ ಇಲ್ಲ ಅನ್ನಲಾಗದ್ದು ಅನ್ನುವ ಆ ಹಳೇ ಸಾಲು ಹಾಗೇ ಇದೆ. ಕಾಯ್ದೆಯಿಂದ ತೆಗೆದುಹಾಕಿದ ಸಾಲನ್ನು ದುಡ್ಡು ಕೊಟ್ಟು ಬರೆಸಿಕೊಂಡಂತಾಯಿತು.

ಕಾಯುತ್ತಾ ಕೂತವರ ನಡುವೆ ಕಲಂ 8(2)ರ ಬಗ್ಗೆಯೂ ಚರ್ಚೆ ನಡೆಯಿತು. ಸರ್ಕಾರದ ವಾದ ಏನೆಂದರೆ, 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂದಿದೆ, ಅದಕ್ಕೆ ತಕ್ಕಂತೆ (ಜೆ) ಬದಲಾಯಿಸಿದ್ದೇವೆ, ಜನರ ಹಿತ ದೊಡ್ಡದಿದ್ದರೆ ಕೊಡಲು 8(2) ಹೇಗೂ ಇದೆಯಲ್ಲ ಅಂತ. ಇದೆ, ಸುಳ್ಳಲ್ಲ. ಆದರೆ ಅದು ‘ಕೊಡಬಹುದು’ ಅನ್ನುತ್ತದೆ, ಅದೂ ಸಾರ್ವಜನಿಕ ಪ್ರಾಧಿಕಾರ, ಅಂದರೆ ಇಡೀ ಕಚೇರಿ, ಕೊಡಬಹುದು ಅಂತ. ಟೇಬಲ್ಲಿನ ಮುಂದೆ ಕೂತ ಮಾಹಿತಿ ಅಧಿಕಾರಿ ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾನೆ? ಇನ್ನೊಂದು ತಮಾಷೆ ನೋಡಿ. ಕಲಂ 6(2) ಪ್ರಕಾರ ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ. 8(2) ಬೇಕಾದರೆ ಜನರ ಹಿತ ಏನು ಅಂತ ಪುಟಗಟ್ಟಲೆ ಹೇಳಬೇಕು. ನನಗಂತೂ ಇದು ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ ಕಾಣುತ್ತದೆ.

ಹೆಸರಿಲ್ಲದೆ ಕೇಳುವ ಈ ಉಪಾಯ ಎಲ್ಲ ಕಡೆ ನಡೆಯಲ್ಲ, ಇದನ್ನು ಕಾಕಾನೂ ಒಪ್ಪುತ್ತಾರೆ. ಹುದ್ದೆ ಖಾಲಿ ಇದೆಯೋ ಇಲ್ಲವೋ ಲೆಕ್ಕದಿಂದ ತಿಳಿಯುತ್ತದೆ. ಸಂಬಳ ಇಲ್ಲಿ ತೆಗೆದುಕೊಂಡು ಬೇರೆಲ್ಲೋ ಇರುವವರು ಯಾರು ಅಂತ ಲೆಕ್ಕದಿಂದ ತಿಳಿಯಲ್ಲ. ರಾಜಸ್ಥಾನದಲ್ಲಿ ಮಾಹಿತಿ ಹಕ್ಕಿನ ಹೋರಾಟ ಶುರುವಾದಾಗ ಊರ ಮುಂದೆ ಕೂಲಿ ಪಟ್ಟಿಯ ಹೆಸರುಗಳನ್ನು ಗಟ್ಟಿಯಾಗಿ ಓದಿದ್ದರಿಂದಲೇ ಕಳ್ಳಲೆಕ್ಕ ಬಯಲಾಗಿದ್ದು. ಮುಂಬೈಯ ಆದರ್ಶ ವಸತಿ ಸೊಸೈಟಿಯ ಹಗರಣದ ಕಾಗದಪತ್ರಗಳನ್ನು ಆರ್‌ಟಿಐ ಹಾಕಿ ಹೊರತೆಗೆದಾಗಲೂ ಮುಖ್ಯವಾಗಿದ್ದು ಫ್ಲ್ಯಾಟು ಯಾರ್‍ಯಾರ ಹೆಸರಲ್ಲಿದೆ ಅನ್ನುವುದು, 2010ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದೂ ಅದಕ್ಕೇ. ಪಡಿತರದ ಪಟ್ಟಿ, ಮನೆ ಸಿಕ್ಕವರ ಪಟ್ಟಿ, ಗುತ್ತಿಗೆದಾರರ ಪಟ್ಟಿ, ಇವುಗಳಿಂದ ಹೆಸರು ತೆಗೆದರೆ ಉಳಿಯುವುದು ಕ್ರಮಸಂಖ್ಯೆ.

ಪುಣೆಯವರಿಗೆ ಇದು ಜಾಸ್ತಿ ನಾಟಬೇಕು. 2005ರ ಅಕ್ಟೋಬರ್ 12ರಂದು ಕಾಯ್ದೆ ಜಾರಿಗೆ ಬಂದ ದಿನವೇ ಮೊದಲ ಅರ್ಜಿ ಬಿದ್ದಿದ್ದು ಪುಣೆಯ ಪೊಲೀಸ್ ಠಾಣೆಯಲ್ಲಿ. ಮರುವರ್ಷ ಕಡತದ ಮೇಲಿನ ಟಿಪ್ಪಣಿಗಳನ್ನು ಕಾಯ್ದೆಯಿಂದ ಹೊರಗಿಡಲು ಕೇಂದ್ರ ಹೊರಟಾಗ ಅಣ್ಣಾ ಹಜಾರೆ ಉಪವಾಸ ಕೂತಿದ್ದು ಇಲ್ಲೇ ಆಳಂದಿಯಲ್ಲಿ, ಸರ್ಕಾರ ಹಿಂದೆ ಸರಿಯಿತು. ಈ ಸಲ ಅಂಥ ಗದ್ದಲ ಆಗಲಿಲ್ಲ. ಬೇರೆ ಕಾಯ್ದೆಯ ಕೊನೆಯ ಕಲಂನಲ್ಲಿ ಒಂದು ಉಪಕಲಂ ಆಗಿ ಬಂದರೆ ಯಾರಿಗೆ ಕಾಣುತ್ತದೆ?

ನನ್ನ ಅರ್ಜಿಗೆ ಉತ್ತರ 30 ದಿನದ ಗಡುವಿನೊಳಗೇ ಬಂತು, ಇದನ್ನೂ ಹೇಳಬೇಕು. ಸಂಚ ಮಾನ್ಯತಾ ಸಿಕ್ಕಿತು, ಪುಟಕ್ಕೆ 2 ರೂಪಾಯಿ. ಮಂಜೂರಾದ ಒಂದು ಹುದ್ದೆ ಖಾಲಿ ಇದೆ ಅಂತ ಅದರಿಂದಲೇ ಖಾತ್ರಿಯಾಯಿತು. ತಪಾಸಣೆ ವರದಿ ಮಸಿ ಬಳಿದುಕೊಂಡೇ ಬಂತು. ಒಂದು ಪುಟದಲ್ಲಿ ಶಾಲೆಯ ಹೆಸರಿಗೂ ಮಸಿ ಬಳಿದಿದ್ದಾರೆ, ಶಾಲೆಗೆ ಯಾವ ಖಾಸಗಿತನವೋ ಕಾಣೆ. ತರಬೇತಿ ಮಾಧ್ಯಮದ ಪ್ರಶ್ನೆಗೆ ಮಾತ್ರ ಮತ್ತೆ ಅದೇ 8(1)(ಜೆ). ಅದರ ಮೇಲೆ ಮೊದಲ ಮೇಲ್ಮನವಿ ಹಾಕಿದ್ದೇವೆ, 20 ರೂಪಾಯಿ ಸ್ಟ್ಯಾಂಪ್. ಹೆಸರೇ ಕೇಳದಿದ್ದಾಗ ವೈಯಕ್ತಿಕ ಎಲ್ಲಿಂದ ಬಂತು ಅನ್ನುವುದು ಮೊದಲ ವಾದ, 8(2) ಎರಡನೇದು. ವಿಚಾರಣೆ ಇನ್ನೂ ಆಗಿಲ್ಲ.

ದುಡ್ಡಿನ ವಿಷಯ. ಅರ್ಜಿಗೆ 100 ರೂಪಾಯಿ, ಮೇಲ್ಮನವಿಗೆ 150, ಸ್ಟ್ಯಾಂಪ್ ಬೇರೆ. ಹೋಗುವಾಗ ಹಳೇ ಉತ್ತರದ ಪ್ರತಿ ಒಯ್ಯಿರಿ, ಇಲ್ಲದಿದ್ದರೆ ಕಾಕಾ ಮುಟ್ಟುವುದೇ ಇಲ್ಲ. ಬಡತನ ರೇಖೆಗಿಂತ ಕೆಳಗಿನ ಕಾರ್ಡು ಇದ್ದರೆ ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ, ಕಾಕಾ ಅದನ್ನು ತಾವೇ ಕೇಳಿ ತಿಳಿದುಕೊಳ್ಳುತ್ತಾರೆ. ಬೇರೆ ಅಂಗಡಿಯಲ್ಲಿ ಸುಮ್ಮನೆ ಸ್ಟ್ಯಾಂಪ್ ಹಚ್ಚಿಬಿಡುತ್ತಾರೆ.

ಇನ್ನು ಕಟ್ ಆದ ಆ ಸ್ಟಾರ್. ಕನ್ನಡದಲ್ಲಿ ಎಷ್ಟೇ ಮಾತಾಡಿದರೂ ಟೈಪು ಮರಾಠಿಯಲ್ಲೇ, ಕನ್ನಡ ಟೈಪ್ ಮಾಡುವ ವ್ಯವಸ್ಥೆ ಇಲ್ಲ. ಮರಾಠಿ ಓದಲು ಬಾರದವರು ತಾವು ಏನಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ಓದಿ ಹೇಳಿಸಿಕೊಳ್ಳಬೇಕು. ಕಾಕಾ ಓದಿ ಹೇಳುತ್ತಾರೆ, ಆದರೆ ಅವಸರದಲ್ಲಿ. ಫೋನ್ ಎತ್ತಲ್ಲ. ಆನ್‌ಲೈನ್ ಪೋರ್ಟಲಿನಲ್ಲಿ ಅರ್ಜಿ ಹಾಕಿಕೊಡಿ ಅಂದರೆ ಮುಖ ಸಿಂಡರಿಸುತ್ತಾರೆ, ಕಾಗದದ ಮೇಲೆ ಸಿಕ್ಕಾ ಹೊಡೆಸಿ ಪೋಚಪಾವತಿ (ಅರ್ಜಿ ತಲುಪಿದ ರಸೀದಿ) ತಗೊಂಡರೇನೇ ಅವರಿಗೆ ಸಮಾಧಾನ. ಜೊತೆಗೆ ಬೇಕಿಲ್ಲದ ಕಾಗದಕ್ಕೂ ನೋಟರಿ ಮಾಡಿಸಿಬಿಡು ಅನ್ನುವ ಚಟ ಇದೆ. ಆರ್‌ಟಿಐ ಅರ್ಜಿಗೆ ನೋಟರಿ ಬೇಕಾಗಿಲ್ಲ, ಬೇಡ ಅನ್ನಿ, ಬೇಜಾರು ಮಾಡಿಕೊಳ್ಳಲ್ಲ.

ಎರಡನೇ ಮೇಲ್ಮನವಿ, ಅಂದರೆ ಮಾಹಿತಿ ಆಯೋಗಕ್ಕೆ ಹೋಗುವುದು, ಇಲ್ಲಿ ಬರೆಸಬೇಡಿ. ಅದಕ್ಕೆ 90 ದಿನದ ಗಡುವು ಇರುತ್ತದೆ, ಕಾಕಾನೇ ವಕೀಲರನ್ನು ಹಿಡಿ ಅಂತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಅರ್ಧ ಇಳಿದಿರುತ್ತದೆ, ಬೆಳಿಗ್ಗೆ ಹೋದರೆ ಒಳ್ಳೇದು. ಸೋಮವಾರ ಮಾತ್ರ ತುಂಬಾ ರಷ್.