ಮುಂಜ್ಯಾ, ಭ್ರಮಯುಗಂ: ನನಗೆ ನಿಜವಾಗಿ ಹೆದರಿಕೆ ಆಗಿದ್ದು ಯಾವುದರಲ್ಲಿ

ಅವ್ವನ ತವರು ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಒಂದು ಹಳ್ಳಿ. ಊರ ಹೊರಗೆ ಒಂದು ಬಾವಿ, ಬಾವಿಯ ಪಕ್ಕ ದೊಡ್ಡ ಅರಳಿ ಗಿಡ. "ಸಂಜಿ ಆದಮ್ಯಾಲೆ ಆ ಕಡೆ ಹೋಗಬ್ಯಾಡ್ರೋ, ಮುಂಜ್ಯಾ ಕುಂತಿರ್ತಾನ" ಅಂತ ಆಯಿ (ನಮ್ಮ ಅಜ್ಜಿ) ನಮಗೆಲ್ಲ ಹೇಳುತ್ತಿದ್ದಳು. ಮುಂಜಿ (ಉಪನಯನ) ಆದ ಹುಡುಗ ಮದುವೆಗೆ ಮೊದಲೇ ಸತ್ತರೆ ಮುಂಜ್ಯಾ ಆಗುತ್ತಾನೆ, ಅರಳಿ ಗಿಡದಲ್ಲಿ ಇರುತ್ತಾನೆ ಅನ್ನುವುದು ಮರಾಠಿ ಸೀಮೆಯ ನಂಬಿಕೆ. ನಮ್ಮ ಗಡಿ ಭಾಗದಲ್ಲಿ ನಂಬಿಕೆಗಳು ಯಾವ ರಾಜ್ಯದ್ದು ಅಂತ ನೋಡಿ ನಿಲ್ಲುವುದಿಲ್ಲ, ಅಲ್ವಾ. ನಾವು ಹುಡುಗರು ಹಗಲಲ್ಲಿ ಕೂಡ ಆ ಗಿಡದ ಕೆಳಗೆ ಒಬ್ಬೊಬ್ಬರೇ ನಿಲ್ಲುತ್ತಿರಲಿಲ್ಲ.

ಹಾಗಾಗಿ 2024ರ ಜೂನ್‌ನಲ್ಲಿ 'ಮುಂಜ್ಯಾ' ಹಿಂದಿ ಸಿನಿಮಾ ಬಂದಾಗ ಅಕ್ಕನ ಮಕ್ಕಳನ್ನು ಕರೆದುಕೊಂಡು ಮೊದಲ ವಾರವೇ ಬೆಳಗಾವಿಯಲ್ಲಿ ನೋಡಿದೆ. ಅದೇ ವರ್ಷ ಫೆಬ್ರುವರಿಯಲ್ಲಿ ಬಂದಿದ್ದ ಮಲಯಾಳಂನ 'ಭ್ರಮಯುಗಂ' ಅನ್ನು ಮಾತ್ರ ಆಮೇಲೆ ಸೋನಿ ಲಿವ್‌ನಲ್ಲಿ, ಮನೆಯಲ್ಲಿ, ಒಬ್ಬನೇ ಕುಳಿತು ನೋಡಿದ್ದು. ಹೋದ ವಾರ ಮಳೆಗೆ ಎಲ್ಲೂ ಹೋಗುವ ಹಾಗಿರಲಿಲ್ಲ, ಎರಡನ್ನೂ ಒಂದರ ಹಿಂದೆ ಒಂದು ಇನ್ನೊಮ್ಮೆ ನೋಡಿದೆ. ಚಿಕ್ಕಂದಿನಿಂದ ಹೆದರಿಸಿದ್ದ ನಮ್ಮದೇ ದೆವ್ವ ತೆರೆ ಮೇಲೆ ಬಂದಾಗ ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ, ನಾನು ಯಾವತ್ತೂ ನೋಡದ ಮಲಬಾರಿನ ಒಂದು ಪಾಳು ಮನೆ ಹೆದರಿಸಿತು. ಯಾಕೆ ಹೀಗಾಯಿತು ಅಂತ ಬರೆಯಲೇಬೇಕು ಅನ್ನಿಸಿತು.

ಮೊದಲು ಮುಂಜ್ಯಾ. ನಿರ್ದೇಶಕ ಆದಿತ್ಯ ಸರ್ಪೋತ್‌ದಾರ್ ಮರಾಠಿಯವರು, ಈ ಸೀಮೆ ಅವರಿಗೆ ಗೊತ್ತು. ಶುರುವಾಗುವುದು 1952ರ ಕೊಂಕಣದಲ್ಲಿ. ಗೋಟ್ಯಾ ಅನ್ನುವ ಹುಡುಗ ತನಗಿಂತ ದೊಡ್ಡವಳಾದ ಮುನ್ನಿಯ ಹಿಂದೆ ಬಿದ್ದಿದ್ದಾನೆ, ಮನೆಯವರು ಹೊಡೆದು ಮುಂಜಿ ಮಾಡಿಸುತ್ತಾರೆ, ಅವನು ರಾತ್ರಿ ತಂಗಿಯನ್ನು ಕಾಡಿಗೆ ಎಳೆದುಕೊಂಡು ಹೋಗುತ್ತಾನೆ. ಬೋಳಿಸಿದ ತಲೆ, ಕೈಯಲ್ಲಿ ಕತ್ತಿ, ಸುತ್ತ ಬೇರು ಇಳಿಬಿಟ್ಟ ಮರ. ಈ ಮೊದಲ ಭಾಗ ಎಷ್ಟು ಚೆನ್ನಾಗಿದೆ ಅಂದರೆ ನನಗೆ ಆಯಿಯ ದನಿಯೇ ಕೇಳಿದ ಹಾಗಾಯಿತು. ಪಕ್ಕದಲ್ಲಿದ್ದ ಒಂಬತ್ತು ವರ್ಷದ ಹುಡುಗಿ ನನ್ನ ತೋಳು ಹಿಡಿದವಳು ಮಧ್ಯಂತರದವರೆಗೆ ಬಿಡಲಿಲ್ಲ.

ಆಮೇಲೆ ಕಥೆ ಈಗಿನ ಪುಣೆಗೆ ಬರುತ್ತದೆ. ಅಮ್ಮನ ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸ ಮಾಡುವ ಬಿಟ್ಟು ಅನ್ನುವ ಸಂಕೋಚದ ಹುಡುಗ (ಅಭಯ್ ವರ್ಮಾ), ಅವನ ಅಮ್ಮ (ಮೋನಾ ಸಿಂಗ್), ಆಜಿ (ಸುಹಾಸ್ ಜೋಶಿ). ಸತ್ತು ಮುಂಜ್ಯಾ ಆದ ಗೋಟ್ಯಾ ಈ ಮನೆತನದವನೇ, ಇವರ ರಕ್ತ ಇದ್ದವರಿಗೆ ಮಾತ್ರ ಕಾಣಿಸುತ್ತಾನೆ. ಇದು ತುಂಬಾ ಒಳ್ಳೆಯ ಎಳೆ. ಬೇರೆ ಯಾರಿಗೂ ಕಾಣದ್ದೊಂದು ಹೆಗಲ ಮೇಲೆ ಕುಳಿತಿದೆ ಅಂದರೆ ಎಷ್ಟು ಒಂಟಿತನ, ಎಷ್ಟು ಹೆದರಿಕೆ! ಆದರೆ ಸಿನಿಮಾ ಅಲ್ಲಿ ನಿಲ್ಲುವುದೇ ಇಲ್ಲ. ಕಂಪ್ಯೂಟರ್‌ನಲ್ಲಿ ಮಾಡಿದ ಮುಂಜ್ಯಾನನ್ನು ಅಡಿಯಿಂದ ಮುಡಿಯವರೆಗೆ, ಬೆಳಕಿನಲ್ಲಿ, ಹಲ್ಲು ಕಿರಿಯುತ್ತಾ, ಕುಣಿಯುತ್ತಾ, ಮಾತಾಡುತ್ತಾ ಮತ್ತೆ ಮತ್ತೆ ತೋರಿಸುತ್ತಾರೆ. ಕೆಲಸ ಚೆನ್ನಾಗಿಯೇ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ನಿಮಿಷ ಮುಖ ನೋಡಿದ ಮೇಲೆ ಅದು ದೆವ್ವ ಅನ್ನಿಸುವುದಿಲ್ಲ, ಹಟ ಹಿಡಿದ ತುಂಟ ಹುಡುಗ ಅನ್ನಿಸುತ್ತದೆ. ಆಯಿ ಯಾವತ್ತೂ ಮುಂಜ್ಯಾ ಹೇಗಿರುತ್ತಾನೆ ಅಂತ ಹೇಳಿರಲಿಲ್ಲ. "ಕುಂತಿರ್ತಾನ" ಅಂದಿದ್ದಳು, ಅಷ್ಟೇ. ಮಿಕ್ಕಿದ್ದೆಲ್ಲ ನಾವೇ ಮಾಡಿಕೊಂಡಿದ್ದು.

ಇನ್ನೊಂದು, ಸದ್ದು. ಶಾಂತವಾಗಿ ಇಟ್ಟು ಒಮ್ಮೆಲೇ ಢಂ ಅನ್ನಿಸಿದರೆ ಯಾರಾದರೂ ಬೆಚ್ಚಿಬೀಳುತ್ತಾರೆ, ಕುಕ್ಕರ್ ಸೀಟಿಗೂ ಬೆಚ್ಚಿಬೀಳುತ್ತೇವೆ. ಬೆಚ್ಚುವುದು ಬೇರೆ, ಹೆದರುವುದು ಬೇರೆ. ನಾವು ಹೋಗಿದ್ದ ಥಿಯೇಟರ್‌ನಲ್ಲಿ ಸೌಂಡ್ ಎಷ್ಟು ಜಾಸ್ತಿ ಇಟ್ಟಿದ್ದರು ಅಂದರೆ ಮಾತು ಒಡೆದು ಕೇಳುತ್ತಿತ್ತು, ಚಿಕ್ಕವನು ಕಿವಿ ಮುಚ್ಚಿಕೊಂಡೇ ಕುಳಿತಿದ್ದ. ಹೇಳಿದರೂ ಕಡಿಮೆ ಮಾಡಲಿಲ್ಲ, ಆ ಬೇಜಾರು ಇನ್ನೂ ಇದೆ. ಆದರೆ ನಗುವಿನ ವಿಷಯದಲ್ಲಿ ಸಿನಿಮಾ ಪೂರ್ತಿ ಗೆದ್ದಿದೆ. ಮಾತಿನ ನಡುವೆ ಬರುವ ಮರಾಠಿ ಬೆಳಗಾವಿಯವರಿಗೆ ಅರ್ಥ ಮಾಡಿಸಬೇಕಾಗಿಲ್ಲ. ಇಡೀ ಥಿಯೇಟರ್ ನಗುತ್ತಿತ್ತು, ನಾನೂ ಹೊಟ್ಟೆ ತುಂಬ ನಕ್ಕೆ. ದೆವ್ವ ಬಿಡಿಸಲು ಬರುವ ಸತ್ಯರಾಜ್ ಅವರ ಪಾತ್ರವೂ ಮಜವಾಗಿದೆ. ಆ ಪಾತ್ರ ಬಂದ ಮೇಲೆ ಹೆದರಿಕೆಗೆ ಜಾಗ ಉಳಿಯಲಿಲ್ಲ ಅನ್ನುವುದೂ ನಿಜ.

ಈಗ ಭ್ರಮಯುಗಂ. ರಾಹುಲ್ ಸದಾಶಿವನ್ ನಿರ್ದೇಶನ. ಪೂರ್ತಿ ಕಪ್ಪು ಬಿಳುಪು, ಎರಡು ಗಂಟೆ ಇಪ್ಪತ್ತು ನಿಮಿಷದ ಹತ್ತಿರ. 17ನೇ ಶತಮಾನ. ತೇವನ್ (ಅರ್ಜುನ್ ಅಶೋಕನ್) ಹಾಡುವ ಜಾತಿಯವನು, ಗುಲಾಮರನ್ನು ಮಾರುವವರಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಅಲೆದು ಅಲೆದು ಹಸಿದು ಒಂದು ಹಳೆಯ ಮನೆಗೆ ಬರುತ್ತಾನೆ. ಅಲ್ಲಿರುವುದು ಇಬ್ಬರೇ. ಯಜಮಾನ ಕೊಡುಮಣ್ ಪೋಟ್ಟಿ, ಅಂದರೆ ಮಮ್ಮೂಟ್ಟಿ. ಮತ್ತೆ ಒಬ್ಬ ಅಡುಗೆಯವನು, ಸಿದ್ಧಾರ್ಥ್ ಭರತನ್.

ಬಾ, ಹಾಡು, ಊಟ ಮಾಡು, ಇಲ್ಲೇ ಇರು ಅನ್ನುತ್ತಾನೆ ಪೋಟ್ಟಿ. ಎಷ್ಟು ಪ್ರೀತಿ! ಕೆಳಜಾತಿಯವನು ಅಂತ ದೂರ ನಿಲ್ಲಿಸುವುದಿಲ್ಲ. ನನಗೆ ಮೊದಲು ಹೆದರಿಕೆ ಹುಟ್ಟಿದ್ದೇ ಆ ಪ್ರೀತಿಯಿಂದ. ದೊಡ್ಡ ಮನೆಯ ಯಜಮಾನ ಕಾರಣವಿಲ್ಲದೆ ಇಷ್ಟು ಒಳ್ಳೆಯವನಾಗಿದ್ದಾನೆ ಅಂದರೆ ಏನೋ ಕೇಳುತ್ತಾನೆ ಅನ್ನುವುದು ಹಳ್ಳಿಯಲ್ಲಿ ಸಾಲ ಮಾಡಿದ ಎಲ್ಲರಿಗೂ ಗೊತ್ತು. ಆಮೇಲೆ ಪಗಡೆ ಬರುತ್ತದೆ. ನಮ್ಮಲ್ಲಿ ಪಗಡಿ ಅಂದರೆ ಹಬ್ಬದ ದಿನ ಕಟ್ಟೆಯ ಮೇಲೆ ಕುಳಿತು ಆಡುವುದು. ಇಲ್ಲಿ ಪಣಕ್ಕೆ ಇಡುವುದು ಮನುಷ್ಯನ ಆಯುಷ್ಯ. ತೇವನ್ ಸೋಲುತ್ತಾನೆ, ಮನೆ ಬಿಟ್ಟು ಹೋಗುವ ಹಾಗಿಲ್ಲ. ಬೀಗ ಇಲ್ಲ, ಸರಪಳಿ ಇಲ್ಲ, ಮಳೆ ಇದೆ ಅಷ್ಟೇ. ದಿನ ಎಷ್ಟಾಯಿತು ಅಂತ ಅವನಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಆ ಮಳೆ! ನಮ್ಮ ಖಾನಾಪುರ ತಾಲೂಕಿನ ಕಣಕುಂಬಿ ಕಡೆ ಆಷಾಢದಲ್ಲಿ ಒಂದು ವಾರ ಇದ್ದವರಿಗೆ ಇದು ಸರಿಯಾಗಿ ತಟ್ಟುತ್ತದೆ. ಹೆಂಚಿನ ಮನೆ, ಹಗಲಲ್ಲೂ ಕತ್ತಲು, ಗೋಡೆಗೆ ಪಾಚಿ, ಅಂಗಳದಲ್ಲಿ ಹುಲ್ಲು. ಬಣ್ಣ ಇಲ್ಲದ್ದರಿಂದ ಮೂಲೆಯಲ್ಲಿ ಇರುವುದು ಕಂಬವೋ ಮನುಷ್ಯನೋ ಅಂತ ಕಣ್ಣು ಹುಡುಕುತ್ತಲೇ ಇರುತ್ತದೆ. ಮುಂಜ್ಯಾದಲ್ಲಿ ಅವರು ತೋರಿಸಿದ್ದನ್ನು ನೋಡಿದೆ, ಇಲ್ಲಿ ಅವರು ತೋರಿಸದೆ ಇದ್ದದ್ದನ್ನೂ ನಾನೇ ನೋಡಿಕೊಂಡು ಕುಳಿತೆ. ಛಾಯಾಗ್ರಹಣ ಶೆಹ್ನಾದ್ ಜಲಾಲ್ ಅವರದ್ದು, ಸಂಗೀತ ಕ್ರಿಸ್ಟೋ ಕ್ಸೇವಿಯರ್ ಅವರದ್ದು. ಇಬ್ಬರಿಗೂ ಕೈ ಮುಗಿಯಬೇಕು.

ಮಮ್ಮೂಟ್ಟಿಯವರ ಬಗ್ಗೆ ಎಷ್ಟು ಬರೆದರೂ ಸಾಲದು. ಆಗ ಅವರಿಗೆ 72 ವರ್ಷ. ನಿಧಾನಕ್ಕೆ ಕತ್ತು ತಿರುಗಿಸುವುದು, ಮಾಂಸ ಅಗಿಯುವುದು, ಎದುರಿಗಿದ್ದವನು ಹೆದರಿದ್ದು ಗೊತ್ತಾದಾಗ ಆ ಸಣ್ಣ ನಗು. ಮುಖಕ್ಕೆ ಹೆಚ್ಚಿನ ಬಣ್ಣ ಬಳಿದಿಲ್ಲ, ಕಂಪ್ಯೂಟರ್ ಆಟ ಇಲ್ಲ, ಸುಮ್ನೆ ಕುಳಿತಿದ್ದಾರೆ. ಅಷ್ಟಕ್ಕೇ ನಾನು ಕಾಲು ಮೇಲೆ ಎತ್ತಿಕೊಂಡು ಕುಳಿತೆ. ಈ ಪಾತ್ರಕ್ಕೆ ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ಬಂದಿದ್ದು ನ್ಯಾಯವಾಗಿಯೇ ಇದೆ.

ಕೊರತೆ ಇಲ್ಲ ಅಂತಲ್ಲ. ಪಗಡೆ ಆದ ಮೇಲೆ ಕಥೆ ಸ್ವಲ್ಪ ಹೊತ್ತು ನಿಂತ ಹಾಗೆ ಆಗುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಗುಟ್ಟು ಬಿಚ್ಚಿದ ಮೇಲೆ ಹೆದರಿಕೆ ಇಳಿದು ಹೊಡೆದಾಟ ಜಾಸ್ತಿ ಆಗುತ್ತದೆ. ಶುರುವಿನಲ್ಲಿ ಬರುವ ಯಕ್ಷಿಗೆ (ಕೇರಳದ ಕಥೆಗಳ ಹೆಣ್ಣು ದೆವ್ವ) ಇನ್ನಷ್ಟು ಜಾಗ ಇರಬೇಕಿತ್ತು. ನನ್ನ ತಮ್ಮನಿಗೆ ತೋರಿಸಿದರೆ ನಲವತ್ತು ನಿಮಿಷಕ್ಕೆ "ಅಣ್ಣಾ, ಇದರಾಗ ದೆವ್ವ ಯಾವಾಗ ಬರತೈತಿ?" ಅಂದ. ಬಂದು ಕುಳಿತು ಬಹಳ ಹೊತ್ತಾಗಿತ್ತು.

ಹೆದರಿಕೆಗೆ ಮಾತ್ರ ಅಂಕ ಕೊಡಿ ಅಂದರೆ ಮುಂಜ್ಯಾಗೆ ಹತ್ತಕ್ಕೆ ನಾಲ್ಕು, ಅದರಲ್ಲಿ ಮೂರು ಮೊದಲ ಭಾಗಕ್ಕೆ. ಭ್ರಮಯುಗಂಗೆ ಎಂಟು. ಆದರೆ ನನ್ನ ಅಕ್ಕನ ಮಗಳು ಮುಂಜ್ಯಾ ನೋಡಿ ಎರಡು ರಾತ್ರಿ ಅವ್ವನ ಪಕ್ಕವೇ ಮಲಗಿದಳು, ಅವಳ ಲೆಕ್ಕ ಬೇರೆ ಇರುತ್ತದೆ. ಮನೆಯಲ್ಲಿ ಮಕ್ಕಳು, ನೆಂಟರು ಎಲ್ಲ ಸೇರಿದ್ದರೆ ಮುಂಜ್ಯಾ ಹಾಕಿ, ಒಂದು ಸಂಜೆ ಚೆನ್ನಾಗಿ ಹೋಗುತ್ತದೆ. ಭ್ರಮಯುಗಂ ನೋಡುವುದಾದರೆ ಊಟ ಮುಗಿಸಿ, ಲೈಟ್ ಆರಿಸಿ, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು ನೋಡಿ. ಹೊರಗೆ ಮಳೆ ಇದ್ದರೆ ಇನ್ನೂ ಒಳ್ಳೆಯದು. ಹಿತ್ತಲ ಬಾಗಿಲು ಮಾತ್ರ ಮೊದಲೇ ಹಾಕಿಕೊಳ್ಳಿ, ಸಿನಿಮಾ ಮುಗಿದ ಮೇಲೆ ಎದ್ದು ಹೋಗಿ ಹಾಕುವುದು ನನಗಂತೂ ಬಹಳ ಕಷ್ಟ ಆಯಿತು.